ಮಹಾದೇವಿಯ ಬಾಗಿಲಿಗೆ ಹಂಡೆ ಮೋರ್ಚಾ

ನಮ್ಮ ಗಲ್ಲಿಯ ಹೆಂಗಸರು ಖಾಲಿ ಹಂಡೆ ಬಾರಿಸುತ್ತ ಎಲ್ಲೆಲ್ಲಿಗೋ ಹೋಗಿದ್ದೇವೆ. ವಾರ್ಡ್ ಆಫೀಸಿಗೆ, ನಗರಸೇವಕರ ಮನೆಗೆ, ಒಮ್ಮೆ ಹೈವೇಗೂ. ಆದರೆ ಹಂಡೆ ಮೋರ್ಚಾ ನಮ್ಮದೇ ಗಲ್ಲಿಯ ಬಂಡೆಪ್ಪನ ಬಾಗಿಲಿಗೆ ಹೋಗಿ ನಿಂತದ್ದು ಒಂದೇ ಸಲ. ಬೈಸಿಕೊಂಡವಳು ಅವನ ಹಿರಿ ಮಗಳು ಮಹಾದೇವಿ. ಆ ಹುಡುಗಿ ನೀರು ಕದ್ದಿರಲಿಲ್ಲ, ಕಳ್ಳತನದಿಂದ ಮೋಟರ್ ಹಚ್ಚಿರಲಿಲ್ಲ. ಪಿಎಚ್.ಡಿ. ಮಾಡುತ್ತಿದ್ದಳು, ಅಷ್ಟೇ.

ಭಾಂಡುಪ್ ಸ್ಟೇಷನ್ನಿನ ಹೊರಗೆ ಶೇರ್ ರಿಕ್ಷಾ ಹತ್ತಿ, ಇನ್ನು ಮುಂದೆ ನನ್ನ ಗಾಡಿ ಏರೋದಿಲ್ಲ ಎಂದು ರಿಕ್ಷಾದವನು ಇಳಿಸಿದ ಮೇಲೆ ಮೆಟ್ಟಿಲು ಹತ್ತಿದರೆ ನಮ್ಮ ಗುಡ್ಡ. ಗಲ್ಲಿ ಅನ್ನುವುದು ಇಲ್ಲಿ ಮೆಟ್ಟಿಲೇ. ಒಂದು ಮಗ್ಗುಲಿಗೆ ಗಟಾರು, ಗಟಾರಿನ ಅಂಚಿಗೆ ಗುಡ್ಡ ಹತ್ತುವ ಒಂದೇ ಒಂದು ಕಬ್ಬಿಣದ ಪೈಪು. ಎಲ್ಲ ಮನೆಗಳ ನಳವೂ ಅದರಿಂದಲೇ. ನೀರು ಬರುವುದು ಮಧ್ಯಾಹ್ನ ಇಳಿದ ಮೇಲೆ, ಒಂದಿಷ್ಟು ಹೊತ್ತು. ಕೆಳಗಿನ ಮನೆಗಳಿಗೆ ಧೋ ಎಂದು ಸುರಿಯುತ್ತದೆ. ನಾನಿರುವ ನಡುವಿನ ಸಾಲಿಗೆ ಹೆಬ್ಬೆರಳಿನಷ್ಟು ದಪ್ಪ. ಮೇಲಿನ ಸಾಲಿಗೆ ಹೋಗುವಷ್ಟರಲ್ಲಿ ಕಿರುಬೆರಳು. ಆ ಮೇಲಿನ ಸಾಲಿನ ಮೊದಲ ಮನೆ ಬಂಡೆಪ್ಪನದು, ಕೊನೆಯದು ರಾಚವ್ವನದು.

ನಮ್ಮಲ್ಲಿ ನಳ ಮುಚ್ಚುವ ರೂಢಿಯೇ ಇಲ್ಲ. ನೀರು ನಿಂತ ಮೇಲೂ ನಳ ತೆರೆದೇ ಇರುತ್ತದೆ, ಕೆಳಗೆ ಕೊಡ ಇಟ್ಟೇ ಇರುತ್ತದೆ. ಮರುದಿನ ನೀರು ಬರುವ ಮೊದಲು ಪೈಪಿನೊಳಗಿನ ಗಾಳಿ ಸುಂಯ್ ಎಂದು ಹೊರಗೆ ಬರುತ್ತದೆ. 'ನಳ ಸೀಟಿ ಹೊಡೀತು' ಅನ್ನುತ್ತೇವೆ. ಉಣ್ಣುತ್ತಿದ್ದವಳು ಎಂಜಲು ಕೈಯಲ್ಲೇ ಎದ್ದು ಓಡುತ್ತಾಳೆ. ಮಲಗಿದ್ದವಳಿಗೆ ಅದೇ ಗಡಿಯಾರ. ಹುಟ್ಟಿದ ಕೂಸಿಗೆ ಅವ್ವನ ಜೋಗುಳ ಕೇಳಿಸುವ ಮೊದಲು ಈ ಸೀಟಿ ಕೇಳಿಸಿರುತ್ತದೆ.

ಬಂಡೆಪ್ಪ ಇಂಡಿ ಕಡೆಯವನು. ರಸ್ತೆ ಅಗೆಯುವ ಗ್ಯಾಂಗಿನ ಜೊತೆ ಹಾರೆ ಹಿಡಿದು ಮುಂಬಯಿಗೆ ಬಂದವನು. ಈಗ ಸೊಂಟ ಬಿದ್ದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿರುತ್ತಾನೆ. ಹೆಂಡತಿ ಲಕ್ಷ್ಮವ್ವ ಪರೇಲ್‌ನ ಆಸ್ಪತ್ರೆಯೊಂದರಲ್ಲಿ ಆಯಾ. ಬೆಳಗಿನ ಪಾಳಿ ಮುಗಿಸಿ, ಲೋಕಲ್ಲಿನಲ್ಲಿ ನಿಂತುಕೊಂಡೇ ಬಂದು, ನೀರಿನ ಹೊತ್ತಿಗೆ ಸರಿಯಾಗಿ ಮೆಟ್ಟಿಲು ಹತ್ತುತ್ತಾಳೆ. ಕಿರಿ ಮಗಳು ಸೋನಾಲಿ ಮಾಲ್‌ನಲ್ಲಿ ಬಟ್ಟೆ ಮಾರುತ್ತಾಳೆ. ಅವಳ ಬಾಯಲ್ಲಿ ಕನ್ನಡ ಶುರುವಾದರೂ ಹಿಂದಿಯಲ್ಲಿ ಮುಗಿಯುತ್ತದೆ.

ಮಹಾದೇವಿಯನ್ನು ನಾನು ಮೊದಲು ಗಮನಿಸಿದ್ದು ಒಂದು ಧರಣಿಯಲ್ಲಿ. ವಾರ್ಡ್ ಆಫೀಸಿನ ಮುಂದೆ ನಾವೆಲ್ಲ ಗಂಟಲು ಹರಿದುಕೊಳ್ಳುತ್ತಿದ್ದೆವು. ಈ ಹುಡುಗಿ ಅವ್ವನ ಹಂಡೆಯನ್ನು ಬೋರಲು ಹಾಕಿ, ಅದರ ಮೇಲೆ ಪಾಟಿ ಇಟ್ಟುಕೊಂಡು ಭಾಗಾಕಾರ ಮಾಡುತ್ತ ಕೂತಿತ್ತು.

"ಏ ಹುಡುಗಿ, ಹಂಡೆ ಕೊಡ. ಬಾರಸೋದೈತಿ," ಎಂದೆ ನಾನು.

"ತಡೀ ಮಾವಶಿ, ಶೇಷ ಬರಾಕತ್ತೈತಿ." ಗಲ್ಲಿಯ ಮಕ್ಕಳಿಗೆಲ್ಲ ನಾನು ಮಾವಶಿ, ಚಿಕ್ಕಮ್ಮ.

ಶೇಷ ಬರುವ ತನಕ ಕ್ರಾಂತಿ ಕಾಯಿತು. ಲಕ್ಷ್ಮವ್ವ ಅಷ್ಟು ಹೊತ್ತು ಬರೀ ಚಪ್ಪಾಳೆ ತಟ್ಟಿದಳು.

ಮಹಾನಗರಪಾಲಿಕೆಯ ಕನ್ನಡ ಶಾಲೆಯಲ್ಲಿ ಏಳನೆಯ ತನಕ ಕಲಿತಳು. ಆಮೇಲೆ ಇಂಗ್ಲಿಷ್ ಶಾಲೆಗೆ ಹೋಗಿ ಒಂದು ವರ್ಷ ಮೂಕಿಯ ಹಾಗೆ ಕೂತಳು. ಗಣಿತದ ತಾಸಿನಲ್ಲಿ ಮಾತ್ರ ಬಾಯಿ ಬೇಕಾಗಿರಲಿಲ್ಲ; ಬೋರ್ಡಿಗೆ ಹೋಗಿ ಬರೆದರೆ ಆಯಿತು. ಹಾಗೇ ಬರೆಯುತ್ತ ಬರೆಯುತ್ತ ಬಿ.ಎಸ್ಸಿ., ಎಂ.ಎಸ್ಸಿ. ಮುಗಿಸಿ ಅನ್ವಯಿಕ ಗಣಿತದಲ್ಲಿ ಸಂಶೋಧನೆಗೆ ಸೇರಿದಳು. ದಿನಾ ಕುರ್ಲಾದಲ್ಲಿ ಇಳಿದು, ಸೇತುವೆಯ ನೂಕಾಟದಲ್ಲಿ ಬ್ಯಾಗು ಎದೆಗವಚಿಕೊಂಡು ಹೊರಬಿದ್ದು, ಬಸ್ಸು ಹಿಡಿದು ಯೂನಿವರ್ಸಿಟಿ. ಸಂಜೆ ಮುಲುಂಡದ ಒಂದು ಕ್ಲಾಸಿನಲ್ಲಿ ಪಾಠ. ಎಂಟ್ರನ್ಸ್ ಪರೀಕ್ಷೆಯ ಹುಡುಗರಿಗೆ ಟಿಕ್ ಹಾಕುವುದನ್ನು ಕಲಿಸುವ ಕೆಲಸ. "ಸರಿ ಉತ್ತರ ಗೊತ್ತಿರಬೇಕಂತ ಇಲ್ಲ ಮಾವಶಿ, ತಪ್ಪು ಯಾವುದು ಅಂತ ಗೊತ್ತಿದ್ರ ಸಾಕು," ಅನ್ನುತ್ತಿದ್ದಳು. ಆ ಕೆಲಸವನ್ನು ಅವಳು ಬಚ್ಚಲು ತೊಳೆಯುವ ಮುಖ ಮಾಡಿಕೊಂಡು ಮಾಡುತ್ತಿದ್ದಳು.

ಸಂಶೋಧನೆಗೆ ಏನು ಆರಿಸಿಕೊಂಡಳು? ನೀರು. ಬೇರೆ ಏನಾದೀತು!

ಅವಳು ನನಗೆ ತಿಳಿಸಿ ಹೇಳಿದ್ದು ಹೀಗೆ. ಪುಸ್ತಕದೊಳಗಿನ ಪೈಪು ಯಾವಾಗಲೂ ತುಂಬಿರುತ್ತದೆ. ಅಂಥ ಪೈಪಿನ ಗಣಿತ ಹಳೆಯದು, ಸಲೀಸು. ನಮ್ಮ ಪೈಪು ದಿನದ ಬಹುಪಾಲು ಖಾಲಿ. ದಿನಾ ಖಾಲಿಯಾಗುತ್ತದೆ, ದಿನಾ ತುಂಬುತ್ತದೆ. ತುಂಬುವ ಹೊತ್ತಿನಲ್ಲಿ ಒಳಗೆ ಗಾಳಿಗೂ ನೀರಿಗೂ ಜಗಳ. ಆ ಜಗಳವನ್ನು ಸಮೀಕರಣದಲ್ಲಿ ಬರೆದು, ಯಾವ ಮನೆಗೆ ಯಾವಾಗ ಎಷ್ಟು ನೀರು ಬರುತ್ತದೆಂದು ಮೊದಲೇ ಹೇಳಬೇಕು. ಹಾಗೆ ಹೇಳಲು ಬಂದರೆ, ಎಲ್ಲಿ ಏನು ಬದಲಿಸಿದರೆ ಮೇಲಿನವರಿಗೂ ನೀರು ಸಿಕ್ಕೀತು ಅನ್ನುವುದನ್ನೂ ಹೇಳಲು ಬರುತ್ತದೆ.

ನಾವು ಹಂಡೆ ಬಾರಿಸಿ ನೀರು ತಂದವರು. ಗಣಿತಕ್ಕೆ ನೀರು ಬರುತ್ತದೆಂದು ನಂಬುವ ಪೈಕಿ ಅಲ್ಲ. ರಾಚವ್ವನಂತೂ ಅವಳು ಮೆಟ್ಟಿಲಲ್ಲಿ ಸಿಕ್ಕಾಗಲೆಲ್ಲ ಹಿಡಿದು ನಿಲ್ಲಿಸುತ್ತಿದ್ದಳು.

"ಯವ್ವಾ ಮಾದೇವಿ, ಇನ್ನೂ ಎಷ್ಟು ಕಲೀತಿ? ನಿನ್ನ ಜೋಡಿ ಕಲಿತವರ ಮಕ್ಕಳು ಶಾಲಿಗೆ ಹೊಂಟಾವು. ಏನ್ ಮಾಡಾಕತ್ತಿ ಅಲ್ಲಿ?"

"ನೀರಿನ ಲೆಕ್ಕ ಮಾಡಾಕತ್ತೀನಿ, ಆಯಿ."

"ನೀರಿಂದೇನ್ ಲೆಕ್ಕಲೇ? ಬಂದ್ರ ಬಂತು, ಬರಲಿಲ್ಲಂದ್ರ ಇಲ್ಲ. ಆತು, ಮುಗೀತು ಲೆಕ್ಕ. ತಾ, ನನಗ ಕೊಡು ನಿನ್ನ ಪಿಎಚ್ಡಿ."

ಕಂಪ್ಯೂಟರಿನೊಳಗೆ ಮಹಾದೇವಿ ನಮ್ಮ ಗಲ್ಲಿಯನ್ನೇ ಕಟ್ಟಿದ್ದಳು. ಪೈಪು, ಏರು, ಮನೆಗಳು, ಎಲ್ಲ. ಲೆಕ್ಕ ಓಡಿಸಿದರೆ ಕೆಳಗಿನ ಮನೆಗಳಿಗೆ ನೀರು ಬರುತ್ತಿತ್ತು. ನನ್ನ ಮನೆಗೂ ಬರುತ್ತಿತ್ತು. ಮೇಲಿನ ಸಾಲಿಗೆ ಮಾತ್ರ ಒಂದು ಹನಿಯೂ ಇಲ್ಲ. ತಿದ್ದಿ ಓಡಿಸಿದಳು, ಇಲ್ಲ. ಮೊದಲಿನಿಂದ ಬರೆದು ಓಡಿಸಿದಳು, ಇಲ್ಲ. ಆ ಪರದೆಯಲ್ಲಿ ಅವಳ ಸ್ವಂತ ಮನೆಗೆ ನೀರಿರಲಿಲ್ಲ. ಅದೇ ಹೊತ್ತಿಗೆ ಬೆನ್ನ ಹಿಂದೆ ಲಕ್ಷ್ಮವ್ವ ಭಾಂಡಿ ತಿಕ್ಕುತ್ತಿದ್ದಳು.

"ನಿನ್ನ ಕಂಪೂಟರ ಏನ್ ಅಂತೈತಿ?"

"ನಮ್ಮನಿಗೆ ನೀರು ಬರಂಗಿಲ್ಲ ಅಂತೈತಿ, ಯವ್ವಾ."

"ಹಂಗಾದ್ರ ನಾ ಈ ಭಾಂಡಿ ಯಾತರ್ಲೆ ತೊಳ್ಯಾಕತ್ತೀನಿ? ಉಚ್ಚೀಲೆ?"

ಬಂಡೆಪ್ಪ ಕುರ್ಚಿಯಿಂದಲೇ ನಕ್ಕ. ಮಹಾದೇವಿಗೆ ನಗು ಬರಲಿಲ್ಲ. ಬರುವ ಪರಿಸ್ಥಿತಿಯೂ ಇರಲಿಲ್ಲ. ಅವಳ ಅವಧಿ ಮುಗಿದು, ಹೆಚ್ಚಿಗೆ ಕೊಟ್ಟ ಅವಧಿಯೂ ಮುಗಿಯುತ್ತ ಬಂದಿತ್ತು. ಹಿಂದಿನ ಸೆಮಿನಾರಿನಲ್ಲಿ ಸಮಿತಿಯವರು ಸಿಹಿ ಮಾತಿನಲ್ಲೇ ಕತ್ತಿ ತೋರಿಸಿದ್ದರು: ಗಣಿತ ಚೆನ್ನಾಗಿದೆ, ಆದರೆ ಅದು ಹೇಳುವುದಕ್ಕೂ ನೀರು ಮಾಡುವುದಕ್ಕೂ ತಾಳೆ ಇಲ್ಲ, ಮುಂದಿನ ಸೆಮಿನಾರಿನ ಒಳಗೆ ತಾಳೆಯಾಗದಿದ್ದರೆ ನೋಂದಣಿ ರದ್ದು ಮಾಡಲು ಶಿಫಾರಸು ಮಾಡುತ್ತೇವೆ. ರದ್ದಾದರೆ ಮುಲುಂಡದ ಕ್ಲಾಸಿನವನು ಕಾದೇ ಇದ್ದ. ಬೆಳಗಿನಿಂದ ಸಂಜೆಯ ತನಕ ಟಿಕ್ ಹಾಕಿಸುವುದು, ಮುಂದಿನ ಮೂವತ್ತು ವರ್ಷ.

ಅವಳ ಗೈಡು ಸಬನೀಸ ಮೇಡಂ. ಕೆಟ್ಟವರಲ್ಲ, ಬೆಣ್ಣೆ ಹಚ್ಚುವವರೂ ಅಲ್ಲ. "ಮಹಾದೇವಿ, ನಿನ್ನ ಸಮೀಕರಣದಲ್ಲಿ ನನಗೆ ತಪ್ಪು ಕಾಣಿಸ್ತಿಲ್ಲ. ನಿನ್ನ ಅಳತೆ ನೋಡು," ಎಂದರು.

ಅಳತೆಯಲ್ಲಿ ಗಲೀಜು ಇದ್ದದ್ದು ನಿಜ. ಮೇಲಿನ ಸಾಲಿನ ಮನೆಗಳ ನಳಗಳಿಗೆ ಅವಳು ಸಣ್ಣ ಮೀಟರು ಕೂರಿಸಿದ್ದಳು. ನೀರು ಬರುವ ಮೊದಲೇ, ಬರೀ ಗಾಳಿಗೇ, ಅವುಗಳ ಮುಳ್ಳು ಗರಗರ ತಿರುಗುತ್ತಿತ್ತು. ಗಾಳಿ ಎಷ್ಟು, ನೀರು ಎಷ್ಟು ಗೊತ್ತಾಗುತ್ತಿರಲಿಲ್ಲ. ಹಾಗಾಗಿ ಮಹಾದೇವಿ ತಲೆ ಓಡಿಸಿದಳು: ಒಂದು ದಿನ ಮೇಲಿನ ಸಾಲಿನವರೆಲ್ಲ ನಳ ಮುಚ್ಚಿಟ್ಟರೆ ಗಾಳಿಯ ಕಾಟ ತಪ್ಪುತ್ತದೆ, ನೀರು ಬಂದ ಮೇಲೆ ತೆರೆದರೆ ಅಳತೆ ಶುದ್ಧ. ಅವಳು ಓದಿದ ಪರದೇಶದ ಪ್ರಬಂಧಗಳಲ್ಲೂ ನಳ ಹಾಗೇ ಇರುತ್ತಿತ್ತು, ಮುಚ್ಚಿದ್ದು, ಬೇಕಾದಾಗ ತೆರೆಯುವಂಥದ್ದು. ನೀರು ತಾಗಿದರೆ ಕೆಂಪು ದೀಪ ಹತ್ತುವ ಪುಟ್ಟ ಡಬ್ಬಿಗಳನ್ನು ಗೆಳತಿಯೊಬ್ಬಳಿಂದ ಮಾಡಿಸಿ, ಮೇಲಿನ ಸಾಲಿನ ಪ್ರತಿ ಮನೆಯಲ್ಲೂ ನಳದ ಹಿಂದೆ ಪೈಪಿಗೆ ಸಿಕ್ಕಿಸಿದಳು. ಗುಡ್ಡ ಹತ್ತುವ ಪೈಪಿಗೂ ಅಲ್ಲಲ್ಲಿ ಕೆಲವನ್ನು ಸಿಕ್ಕಿಸಿ ಲ್ಯಾಪ್‌ಟಾಪಿಗೆ ಜೋಡಿಸಿದಳು.

ಒಪ್ಪಿಸಲು ಮನೆಮನೆಗೆ ಹೋದಾಗ ನನ್ನನ್ನೂ ಕರೆದುಕೊಂಡು ಹೋದಳು. ಮಾವಶಿ ಹೇಳಿದರೆ ಕೇಳುತ್ತಾರೆ ಅಂತ. ಕೇಳಿದರು, ರಾಚವ್ವನನ್ನು ಬಿಟ್ಟು.

"ನಳ ಮುಚ್ಚಬೇಕಾ? ನೀರು ಬಂದದ್ದು ಹೆಂಗ್ ಗೊತ್ತಾಗ್ಬೇಕು?"

"ಈ ಡಬ್ಬಿಯೊಳಗ ಕೆಂಪು ಲೈಟ್ ಹತ್ತತೈತಿ, ಆಯಿ. ಹತ್ತಿದ ಕೂಡ್ಲೆ ತೆಗೀರಿ."

"ಸೀಟಿ ಸಾಲ್ದೇನು?"

"ಸೀಟಿ ಖರೇ ಅಲ್ಲ ಆಯಿ. ಅದು ಬರೀ ಗಾಳಿ."

"ನನ್ನ ಗಂಡನೂ ಬರೀ ಗಾಳೀನ ಇದ್ದ. ನಾ ಬಾಳೇ ಮಾಡ್ಲಿಲ್ಲೇನು?"

"ಒಂದ ದಿನ ರಾಚವ್ವಾ," ಎಂದು ನಾನು ನಡುವೆ ಬಾಯಿ ಹಾಕಿದೆ. "ಹುಡುಗಿ ಓದು ನಿಂತು ಹೋಗತೈತಿ. ನಾ ಜಾಮೀನು."

"ನಿನ್ನ ಜಾಮೀನಿನ ಮ್ಯಾಲ ಜೇಲಿನ್ಯಾಗೂ ಒಂದು ರಾತ್ರಿ ಕೂತೀನಿ, ನೆನಪೈತಿಲ್ಲೋ?" ಅಂದಳು. ಆದರೆ ನಳ ಮುಚ್ಚಿದಳು.

ಸೋನಾಲಿಗೆ ರಜೆ ಇದ್ದ ದಿನ ಗೊತ್ತು ಮಾಡಿದರು. ಅವಳು ಗುಡ್ಡದ ಬುಡದಲ್ಲಿ ಫೋನು ಹಿಡಿದು ನಿಂತಳು. ಮಹಾದೇವಿ ಮೇಲಿನ ಸಾಲಿನ ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಕೂತಳು. ಪಾಲಿಕೆಯ ಚಾವೀವಾಲಾ ಬಂದು ಕೆಳಗೆ ದೊಡ್ಡ ವಾಲ್ವ್ ತಿರುವಿದ. ಫೋನಿನಲ್ಲಿ ಸೋನಾಲಿ ಕಿರುಚಿದಳು: "ದೀದಿ, ಆಗಯಾ! ನೀರು ಬಂತು, ಏಕ್‌ದಂ ಫುಲ್!"

ನನ್ನ ನಳವೂ ಸೀಟಿ ಹೊಡೆದು ನೀರು ಬಿಟ್ಟಿತು. ನಮ್ಮ ಸಾಲಿಗೆ ನಳ ಮುಚ್ಚುವ ಕಟ್ಟಳೆ ಇರಲಿಲ್ಲವಲ್ಲ. ಕೊಡ ತುಂಬಲು ಬಿಟ್ಟು ಮೇಲೆ ಹೋಗಿ ನೋಡಿದೆ. ಮೇಲಿನ ಸಾಲಿನ ಹೆಂಗಸರು ತಮ್ಮ ತಮ್ಮ ಡಬ್ಬಿಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದರು, ಮೊಟ್ಟೆಯೊಡೆದು ಮರಿ ಬರುವುದನ್ನು ಕಾಯುವವರ ಹಾಗೆ. ದೀಪ ಹತ್ತಲಿಲ್ಲ.

"ಇನ್ನೂ ಸ್ವಲ್ಪ ತಡೀರಿ," ಅಂದಳು ಮಹಾದೇವಿ.

ಕೆಳಗಿನ ಮನೆಗಳಲ್ಲಿ ಡ್ರಮ್ಮು ತುಂಬಿದವು. ಬಟ್ಟೆ ಒಗೆಯುವ ಸಪ್ಪಳ ಶುರುವಾಯಿತು. ಯಾರೋ ಪುಣ್ಯವಂತೆ ಮೆಟ್ಟಿಲಿಗೂ ನೀರು ಹೊಡೆದು ಕಸಬರಿಗೆ ಆಡಿಸಿದಳು. ಮೇಲೆ ದೀಪ ಹತ್ತಲಿಲ್ಲ.

"ಲೈಟ್ ಹತ್ತಿಲ್ಲ ಅಂದ್ರ ನೀರು ಬಂದಿಲ್ಲ, ಆಯಿ. ತೆಗೀಬ್ಯಾಡ್ರಿ."

"ನಿನ್ನ ಲೈಟಿಗೆ ಬೆಂಕಿ ಹಚ್ಚ!" ಎಂದು ರಾಚವ್ವ ಎದ್ದು ನಳ ಪೂರ್ತಿ ತಿರುವಿದಳು.

ಸೀಟಿಯಲ್ಲ, ಅದು ಸಿಡಿಲು. ಒತ್ತಿ ಹಿಡಿದಿದ್ದ ಗಾಳಿ ಭಸ್ಸೆಂದು ನುಗ್ಗಿ, ಕೊಡದ ಮೇಲಿನ ಅಲ್ಯುಮಿನಿಯಮ್ ತಟ್ಟೆ ಹಾರಿ ಗೋಡೆಗೆ ಬಡಿಯಿತು. ಬೆಕ್ಕು ಛಾವಣಿ ಏರಿತು. ಗಾಳಿ ಬಂತು, ಬಂತು, ಬರುತ್ತಲೇ ಇತ್ತು. ಕೊನೆಗೆ ತುಕ್ಕಿನ ಬಣ್ಣದ ನೀರು ಎರಡು ಸಲ ಉಗುಳಿದ ಹಾಗೆ ಬಂದು ನಿಂತಿತು. ಅಷ್ಟರಲ್ಲಿ ಚಾವೀವಾಲಾ ಕೆಳಗೆ ವಾಲ್ವ್ ಮುಚ್ಚಿ ಹೋಗಿಯಾಗಿತ್ತು.

ಮುಂದಿನದು ನಮಗೆಲ್ಲ ಕಣ್ಣು ಮುಚ್ಚಿಕೊಂಡು ಬರುವ ವಿದ್ಯೆ. ಒಬ್ಬಳು ಹಂಡೆ ಎತ್ತಿದಳು, ಇನ್ನೊಬ್ಬಳು ಸೌಟು ತಂದಳು. ಮೇಲಿನ ಸಾಲಿನ ಅಷ್ಟೂ ಜನ ಬಂಡೆಪ್ಪನ ಬಾಗಿಲಿಗೆ. 'ಪಾಣೀ ದ್ಯಾ, ನಾಹೀ ತರ ಖುರ್ಚೀ ಸೋಡಾ!' ನೀರು ಕೊಡಿ, ಇಲ್ಲವೇ ಕುರ್ಚಿ ಬಿಡಿ ಎಂಬ ನಮ್ಮ ಹಳೆಯ ಮರಾಠಿ ಘೋಷಣೆ. ಮಹಾದೇವಿಗೆ ಯಾವ ಕುರ್ಚಿ? ಆ ಮನೆಯಲ್ಲಿ ಇದ್ದದ್ದು ಒಂದೇ ಪ್ಲಾಸ್ಟಿಕ್ ಕುರ್ಚಿ. ಬಂಡೆಪ್ಪ ಗಾಬರಿಯಾಗಿ ಸೊಂಟ ಹಿಡಿದುಕೊಂಡು ಅದರಿಂದ ಎದ್ದು ನಿಂತ.

"ಜಾಮೀನ್ದಾರಳು ಎಲ್ಲದಾಳ?" ಎಂದು ರಾಚವ್ವ ನನ್ನನ್ನೂ ಎಳೆದು ಮಹಾದೇವಿಯ ಪಕ್ಕ ನಿಲ್ಲಿಸಿದಳು. ಇಷ್ಟು ವರ್ಷ ಮೋರ್ಚಾದ ಮುಂದೆ ನಿಂತವಳಿಗೆ ಅದರ ಎದುರಿಗೆ ನಿಲ್ಲುವುದು ಹೇಗಿರುತ್ತದೆಂದು ಆವತ್ತು ಗೊತ್ತಾಯಿತು. ಹಂಡೆಯ ಸಪ್ಪಳ ಕಿವಿಗಲ್ಲ, ಹಲ್ಲಿಗೆ ಬಡಿಯುತ್ತದೆ.

ಸೋನಾಲಿ ಓಡೋಡಿ ಮೇಲೆ ಬಂದಳು. "ದೀದಿ, ತೂ ಪಾಗಲ್ ಹೈ ಕ್ಯಾ? ಸಾರಿ ಅನ್ನು, ಜಲ್ದಿ!"

ಮಹಾದೇವಿ ಸಾರಿ ಅನ್ನಲಿಲ್ಲ. ಅವಳ ಕಣ್ಣು ಲ್ಯಾಪ್‌ಟಾಪಿನ ಮೇಲಿತ್ತು. ಮೊದಲು ಬಾಯಿ ತೆರೆಯಿತು, ಆಮೇಲೆ ಭುಜ ಅಲುಗತೊಡಗಿತು. ಅಳುತ್ತಿದ್ದಾಳೆಂದು ಹಂಡೆಗಳು ಸ್ವಲ್ಪ ಮೆತ್ತಗಾದವು. ಅಳುತ್ತಿರಲಿಲ್ಲ. ನಗುತ್ತಿದ್ದಳು.

ಲಕ್ಷ್ಮವ್ವ ಒಬ್ಬಾಕೆಯ ಕೈಯಿಂದ ಸೌಟು ಕಸಿದು ಎತ್ತಿದಳು. "ನಗ್ತಿಯೇನ? ಮಂದಿಗೆ ಕುಂಡಿ ತೊಳಕೊಳ್ಳಾಕ ನೀರಿಲ್ಲ, ನೀ ಹಲ್ಲ ಕಿಸೀತಿ?"

"ಯವ್ವಾ, ಬರಲಿಲ್ಲ! ಹೇಳಿದಂಗ ಬರಲಿಲ್ಲ! ನೋಡ, ಇಲ್ಲಿ ನೋಡ!"

ಪರದೆಯ ಮೇಲೆ ಎರಡು ಗೆರೆ. ಒಂದು ಅವಳ ಲೆಕ್ಕದ್ದು, ಎಷ್ಟೋ ತಿಂಗಳಿಂದ ಹಟ ಹಿಡಿದು ಮೇಲಿನ ಸಾಲಿಗೆ ನೀರಿಲ್ಲ ಅನ್ನುತ್ತಿದ್ದ ಗೆರೆ. ಇನ್ನೊಂದು ಇವತ್ತಿನ ಅಳತೆಯದು, ನೀರು ಪೈಪಿನಲ್ಲಿ ಎಲ್ಲಿಯವರೆಗೆ ಏರಿ ಎಲ್ಲಿ ನಿಂತಿತು ಅನ್ನುವುದು. ಎರಡೂ ಒಂದರ ಮೈಮೇಲೆ ಒಂದು ಬಿದ್ದಿದ್ದವು.

ಬೈಗುಳದ ನಡುವೆಯೇ ಅವಳು ನನ್ನ ಮನೆಗೆ ಓಡಿ, ನನ್ನ ತುಂಬಿದ ಬಕೆಟ್ಟನ್ನೂ ಒಂದು ಗಾಜಿನ ಲೋಟವನ್ನೂ ಹೊತ್ತು ತಂದಳು. ಲೋಟವನ್ನು ಬೋರಲು ಹಿಡಿದು ನೀರಿಗೆ ಅದುಮಿದಳು.

"ಒಳಗ ನೀರು ತುಂಬಿತೇನ್ ಆಯಿ?"

ರಾಚವ್ವ ಬಗ್ಗಿ ನೋಡಿದಳು. ಗಾಜಿನೊಳಗೆ ನೀರು ಬೆರಳಷ್ಟು ಏರಿ ನಿಂತಿತ್ತು. "ಇಲ್ಲ."

"ಯಾಕಂದ್ರ ಒಳಗ ಗಾಳಿ ಐತಿ, ಹೋಗಾಕ ದಾರಿ ಇಲ್ಲ. ಇವತ್ತು ನಮ್ಮ ಪೈಪೂ ಹಿಂಗ ಆಗಿತ್ತು. ಮ್ಯಾಲಿನ ನಳ ಎಲ್ಲಾ ಮುಚ್ಚಿದ್ದಿವಿ, ಗಾಳಿ ಸಿಕ್ಕೊಂಡು ನೀರಿಗೆ ಅಡ್ಡ ನಿಂತಿತು."

ಅಂದರೆ ನಡೆದದ್ದು ಇಷ್ಟು. ದೀಪ ಹತ್ತಬೇಕಾದರೆ ನೀರು ಬರಬೇಕು. ನೀರು ಬರಬೇಕಾದರೆ ನಳ ತೆರೆದಿರಬೇಕು. ನಳ ತೆರೆಯಬೇಕಾದರೆ ದೀಪ ಹತ್ತಬೇಕು. ಮೇಲಿನ ಸಾಲು ಪೂರ್ತಿ ಆ ಡಬ್ಬಿಯ ಮುಂದೆ ಮುದಿಯಾಗುವ ತನಕ ಕೂತಿದ್ದರೂ ದೀಪ ಹತ್ತುತ್ತಿರಲಿಲ್ಲ. ಅವಳ ಗಣಿತ ಮೊದಲಿನಿಂದ ಸರಿಯಾಗಿಯೇ ಇತ್ತು, ಆದರೆ ನಳ ಮುಚ್ಚಿಡುವ ಯಾವುದೋ ಊರಿಗೆ. ನಮ್ಮ ಗಲ್ಲಿಗಲ್ಲ. ಹುಟ್ಟಿದಾಗಿನಿಂದ ಅವಳೇ ತೆರೆದ ನಳದ ಕೆಳಗೆ ಕೊಡ ಇಟ್ಟು ಬೆಳೆದವಳು. ದಿನಾ ಕೈ ಮಾಡುತ್ತಿದ್ದ ಕೆಲಸ ಲೆಕ್ಕದೊಳಗೆ ಬರಬೇಕೆಂದು ತಲೆಗೆ ಹೊಳೆದಿರಲಿಲ್ಲ.

ನಮಗಾದರೂ ಏನು ಗೊತ್ತಿತ್ತು? ಸೀಟಿ ಕೇಳಿಸಲಿ ಎಂದು ನಳ ತೆರೆದಿಡುತ್ತಿದ್ದೆವು. ಆ ತೆರೆದ ಬಾಯಿಯೇ ನೀರನ್ನು ಗುಡ್ಡ ಹತ್ತಿಸುತ್ತಿದೆ ಅನ್ನುವುದು ನಮ್ಮಪ್ಪನಾಣೆಗೂ ಒಬ್ಬರಿಗೂ ತಿಳಿದಿರಲಿಲ್ಲ.

"ಹಂಗಾದ್ರ ಸೀಟಿ ಖರೇನ ಅಂತಿ," ಅಂದಳು ರಾಚವ್ವ.

"ಖರೇ ಆಯಿ."

"ನನ್ನ ಗಂಡನೂ?"

"ಅವರದು ಗೊತ್ತಿಲ್ಲ, ಆಯಿ."

ಹಂಡೆ ಹಿಡಿದವರೇ ಮೊದಲು ನಕ್ಕರು. ಮೋರ್ಚಾ ಅಲ್ಲಿಗೆ ಮುರಿಯಿತು. ಆದರೆ ಶಿಕ್ಷೆ ತಪ್ಪಲಿಲ್ಲ. ಕೆಳಗಿನ ಮನೆಗಳಿಂದ ಅಕ್ಕತಂಗಿಯರಿಬ್ಬರೂ ಕೊಡ ಹೊತ್ತು ಮೇಲಿನ ಸಾಲಿನ ಪ್ರತಿ ಮನೆಗೂ ನೀರು ಹಾಕಿದರು. ಸೋನಾಲಿ ಪ್ರತಿ ಮೆಟ್ಟಿಲಿಗೂ ಗಣಿತಕ್ಕೆ ಹಿಂದಿಯಲ್ಲಿ ಬೈದಳು. ನಾನೂ ಹೊತ್ತೆ, ಜಾಮೀನ್ದಾರಳಲ್ಲವೇ.

ಮರುದಿನ ನಳಗಳೆಲ್ಲ ಬಾಯಿ ತೆರೆದು ಕೂತವು. ಸೀಟಿ ಹೊಡೆಯಿತು, ಕಿರುಬೆರಳು ನೀರು ಬಂತು. ಮಹಾದೇವಿಯ ನಿಜವಾದ ದುಡಿತ ಆಮೇಲೆ ಶುರುವಾಯಿತು. ಅಷ್ಟು ತೆರೆದ ನಳಗಳನ್ನು ಸಮೀಕರಣದೊಳಗೆ ತರುವುದು ಲೋಟ ಅದುಮಿ ತೋರಿಸಿದಷ್ಟು ಸುಲಭವಲ್ಲವಂತೆ. ಪ್ರತಿ ನಳವೂ ಮೊದಲು ಗಾಳಿ ಬಿಡುತ್ತದೆ, ಆಮೇಲೆ ನೀರು ಬಿಡುತ್ತದೆ. ಆ ಬದಲಾಗುವ ಗಳಿಗೆಯಲ್ಲಿ ಲೆಕ್ಕ ಎಡವಿ ಬೀಳುತ್ತದೆ. ಲೇಡೀಸ್ ಡಬ್ಬಿಯಲ್ಲಿ ಬಾಗಿಲ ಕಂಬಕ್ಕೆ ಒರಗಿ ಅದನ್ನೇ ಯೋಚಿಸುತ್ತ ಕುರ್ಲಾ ದಾಟಿ ಪರೇಲ್‌ಗೆ ಹೋಗಿ, ಅವ್ವನ ಆಸ್ಪತ್ರೆಯ ಸ್ಟೇಷನ್ನಿನಲ್ಲಿ ಎಚ್ಚರಾಗಿ ಮರಳಿ ಬಂದದ್ದೂ ಉಂಟು. ಮೀಟರಿನ ಮುಳ್ಳು ಗಾಳಿಗೆ ತಿರುಗಿದ್ದನ್ನು ಗಲೀಜು ಎಂದು ತೆಗೆದಿಟ್ಟಿದ್ದಳಲ್ಲ, ಅದನ್ನೇ ಮತ್ತೆ ಹೊರಗೆ ತೆಗೆದಳು. ಅದು ಗಲೀಜಲ್ಲ, ಗಾಳಿಯ ಅಳತೆ. ಬೇಕಾಗಿದ್ದದ್ದೇ ಅದು.

ಸೆಮಿನಾರಿಗೆ ನಾನೂ ಹೋದೆ. ಯಾರು ಬೇಕಾದರೂ ಬರಬಹುದು ಅಂದಳು. ಯಾರು ಬೇಕಾದರೂ ಅಂದಮೇಲೆ ನಾನೂ ಬರುತ್ತೇನೆ ಅಂದೆ. ಎ.ಸಿ. ಹಾಲಿನ ಹಿಂದಿನ ಬೆಂಚಿನಲ್ಲಿ ಸೆರಗು ಹೊದ್ದು ಕೂತೆ. ತಿಳಿದದ್ದು ಸೊನ್ನೆ. ಇಂಗ್ಲಿಷು, ಅದರೊಳಗೆ ಗ್ರೀಕು. ಆದರೆ ಇಷ್ಟು ವರ್ಷ ಅಧಿಕಾರಿಗಳ ಮುಖ ನೋಡಿ ಮಾತು ನಡೆಯುತ್ತದೋ ಇಲ್ಲವೋ ಅಳೆದವಳು ನಾನು. ಸಮಿತಿಯ ಮೂವರಲ್ಲಿ ನಡುವಿನವರು, ಹಿಂದಿನ ಸಲ ಕತ್ತಿ ತೋರಿಸಿದವರು, ಪೆನ್ನಿನ ಟೋಪಿ ಹಾಕಿಯೇ ಕೂತಿದ್ದರು. ನನಗದು ಒಳ್ಳೆಯದಾಗಿ ಕಾಣಲಿಲ್ಲ.

ಪರದೆಯ ಮೇಲೆ ನಮ್ಮ ಗಲ್ಲಿ ಬಂತು. ಎರಡು ಗೆರೆ ಬಂದವು. ಒಂದರ ಮೇಲೊಂದು ಬಿದ್ದವು, ಮೇಲಿನ ಸಾಲಿನ ಕೊನೆಯ ಮನೆಯ ತನಕ. ನಡುವಿನವರು ಪೆನ್ನಿನ ಟೋಪಿ ತೆಗೆದರು.

"ಒಂದು ಪ್ರಶ್ನೆ. ನಳಗಳೆಲ್ಲ ಮೊದಲಿಂದ ತೆರೆದಿವೆ ಎಂದು ಹಿಡಿದಿದ್ದೀಯ. ನೀರೇ ಇಲ್ಲದಾಗ ಯಾರು ನಳ ತೆರೆದಿಡುತ್ತಾರೆ?"

ಸಬನೀಸ ಮೇಡಂ ಏನೋ ಹೇಳಲು ಹೋದರು. ಮಹಾದೇವಿ ಅಷ್ಟರೊಳಗೆ ಉತ್ತರ ಕೊಟ್ಟಳು. ಪ್ರಶ್ನೆ, ಉತ್ತರ ಎಲ್ಲವನ್ನೂ ಆಮೇಲೆ ನನಗೆ ಕನ್ನಡದಲ್ಲಿ ಹೇಳಿದಳು; ಆ ಉತ್ತರ ಹೀಗಿತ್ತು: "ತಿರುವಿದಾಗ ನೀರು ಬಂದೇ ಬರುತ್ತದೆ ಅನ್ನುವವರು ಮುಚ್ಚಿಡುತ್ತಾರೆ ಸರ್. ಬಂದೀತೋ ಇಲ್ಲವೋ ಅನ್ನುವವರು ತೆರೆದಿಡುತ್ತಾರೆ."

ಹಾಲಿನಲ್ಲಿ ಕೆಲವರು ನಕ್ಕರು. ಅವರು ನಗಲಿಲ್ಲ. "ಎಲ್ಲರೂ ತೆರೆದಿಡದಿದ್ದರೆ? ಅರ್ಧ ಜನ ಮುಚ್ಚಿದರೆ?" ಎಂದರು. ಮಹಾದೇವಿ ಮುಂದಿನ ಚಿತ್ರ ತೆರೆದಳು. ಅದನ್ನೂ ಮಾಡಿಟ್ಟಿದ್ದಳು. ಬೇರೆ ಯಾವ ನಳ ಮುಚ್ಚಿದರೂ ನಡೆದೀತು, ಕೊನೆಯದೊಂದು ಬಾಯಿ ತೆರೆದಿದ್ದರೆ ಸಾಕು, ನೀರು ಮೇಲೆ ಏರುತ್ತದೆ. ಗುಡ್ಡದ ತುದಿಯಲ್ಲಿ ಗಾಳಿ ಹೋಗಲು ಒಂದು ಸಣ್ಣ ವಾಲ್ವ್ ಕೂರಿಸಿದರೆ ಯಾರ ನಳದ ಹಂಗೂ ಬೇಕಿಲ್ಲ. ಕೊನೆಯ ಮನೆಯ ಮುಂದೆ ಪರದೆಯಲ್ಲಿ ಇಂಗ್ಲಿಷಿನ ಆರ್ ಎಂದು ಬರೆದಿತ್ತು. ರಾಚವ್ವ.

ನಮ್ಮನ್ನು ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡರು. ಕಾರಿಡಾರಿನ ಬೆಂಚಿನಲ್ಲಿ ಕೂತೆವು. ಮಹಾದೇವಿ ಕಾಲಿನ ಹೆಬ್ಬೆರಳಿನಿಂದ ಚಪ್ಪಲಿಯ ಬಾರು ತಿರುವುತ್ತಿದ್ದಳು. ನಾನು ಸಮಾಧಾನ ಹೇಳಲಿಲ್ಲ. ಒಳಗೆ ತೀರ್ಮಾನವಾಗುವಾಗ ಹೊರಗಿನವರ ಸಮಾಧಾನ ಯಾವ ಕೆಲಸಕ್ಕೂ ಬರುವುದಿಲ್ಲ.

ಬಾಗಿಲು ತೆರೆದು ಸಬನೀಸ ಮೇಡಂ ಬಂದರು. ಮುಖದಲ್ಲಿ ಏನೂ ಇರಲಿಲ್ಲ. "ಆ ವಾಲ್ವಿನ ಭಾಗವನ್ನು ಬೇರೆ ಅಧ್ಯಾಯ ಮಾಡು," ಅಂದರು. "ಥೀಸಿಸ್ ಬರೆಯಲು ಶುರು ಮಾಡು. ಒಪ್ಪಿದ್ದಾರೆ." ಎರಡು ಹೆಜ್ಜೆ ಹೋಗಿ ತಿರುಗಿ, "ನಾನೂ ಗಿರ್ಗಾಂವಿನ ಚಾಳಿನಲ್ಲೇ ಹುಟ್ಟಿದವಳು. ನನಗೂ ಹೊಳೀಲಿಲ್ಲ ನೋಡು," ಎಂದು ಹೋದರು.

ಮಹಾದೇವಿ ಕುಣಿಯಲಿಲ್ಲ, ಅಳಲಿಲ್ಲ. ತುಂಬಿದ ಹಂಡೆಯನ್ನು ಮೆಟ್ಟಿಲ ತುದಿಯಲ್ಲಿ ತಲೆಯಿಂದ ಇಳಿಸಿದಾಗ ಕುತ್ತಿಗೆ ತಾನೇ ಉದ್ದವಾಗುತ್ತದಲ್ಲ, ಹಾಗೆ ಅವಳ ಕುತ್ತಿಗೆ ಉದ್ದವಾಯಿತು. "ಮಾವಶಿ, ಹಸಿವಿ ಆಗೈತಿ," ಅಂದಳು. ಗೇಟಿನ ಹೊರಗೆ ವಡಾಪಾವ್ ತಿಂದಳು, ಹಸಿ ಮೆಣಸಿನಕಾಯಿ ಕಡಿದು ಮತ್ತೊಂದು ತಿಂದಳು. ಮುಲುಂಡದ ಕ್ಲಾಸಿನವನಿಗೆ ಅಲ್ಲಿಂದಲೇ ಫೋನು ಮಾಡಿ, ಪೂರ್ತಿ ದಿನದ ಕೆಲಸ ತನಗೆ ಬೇಡ ಅಂದಳು. ಮಾತು ಮುಗಿಸಿ ಫೋನು ಇಡುವಾಗ ಅವಳ ಮುಖದಲ್ಲಿ ಬಚ್ಚಲಿರಲಿಲ್ಲ.

ಮನೆ ಮುಟ್ಟಿದಾಗ ನೀರಿಗೆ ಇನ್ನೂ ಹೊತ್ತಿತ್ತು. ಬ್ಯಾಗು ಒಗೆದು, ಉಟ್ಟ ಸೀರೆಯಲ್ಲೇ ನೆಲದ ಮೇಲೆ ಉದ್ದಕ್ಕೆ ಬಿದ್ದಳು. ಬಂಡೆಪ್ಪ ಕುರ್ಚಿಯನ್ನು ಬಾಗಿಲಿನ ಹೊರಗೆ ಎಳೆದುಕೊಂಡು ಕೂತ, ಯಾರೂ ಒಳಗೆ ಹೋಗಿ ಎಬ್ಬಿಸಬಾರದೆಂದು. ಸ್ವಲ್ಪ ಹೊತ್ತಿಗೆ ನಳ ಸೀಟಿ ಹೊಡೆಯಿತು. ಹುಟ್ಟಿದಾಗಿನಿಂದ ಆ ಸಪ್ಪಳಕ್ಕೆ ಎದ್ದು ಓಡಿದವಳು ಆವತ್ತು ಮಗ್ಗುಲು ಕೂಡ ಬದಲಿಸಲಿಲ್ಲ. ಲಕ್ಷ್ಮವ್ವ ಅವಳನ್ನು ದಾಟಿ ಹೋಗಿ ಕೊಡ ಸರಿಪಡಿಸಿದಳು.

ಮೇಲಿನಿಂದ ರಾಚವ್ವ ಕೂಗಿದಳು: "ಏ ಲಕ್ಷ್ಮೀ! ಡಾಕ್ಟರ್ ಆದಳೇನ ನಿನ್ನ ಮಗಳು?"

"ಆಗಾಕತ್ತಾಳ! ಥೀಸಿಸ್ ಬರಿ ಅಂದಾರಂತ!"

"ಹಂಗಾದ್ರ ನಿಮ್ಮ ನಳ ಸ್ವಲ್ಪ ಸಣ್ಣ ಮಾಡವಾ. ಲೆಕ್ಕದಾಗ ನನಗ ನೀರು ಬಂದೈತಂತ, ಕೊಡದಾಗೂ ಬರಲಿ!"

ಲಕ್ಷ್ಮವ್ವ ನಳ ಅರ್ಧ ತಿರುವಿದಳು. ಮೇಲೆ ಕೊಡಕ್ಕೆ ನೀರು ಬೀಳುವ ಸಪ್ಪಳ ದಪ್ಪವಾಯಿತು. ಒಳಗೆ ಮಹಾದೇವಿ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದಳು.